ಫಾರಿನ್ ರಿಟರ್ನ್ಡ್: ಪೆಟ್ಟಿಗೆಯೊಳಗಿನ ಇತಿಹಾಸ

ನಮ್ಮ ಅಪ್ಪ-ಅಮ್ಮನ ಕಾಲದಲ್ಲಿ "ಫಾರಿನ್ ರಿಟರ್ನ್ಡ್" ಅನ್ನೋದು ಒಂದು ಡಿಗ್ರಿ ಇದ್ದ ಹಾಗೆ. ಮದುವೆ ಮಾತುಕತೆಯಲ್ಲಿ ಬರ್ತಿತ್ತು, ಡಾಕ್ಟರುಗಳ ಬೋರ್ಡಿನಲ್ಲಿ ಇರ್ತಿತ್ತು. ಈಗ ಆ ಮಾತನ್ನು ಯಾರೂ ಆಡೋದಿಲ್ಲ. ನಾವು ಸಾಫ್ಟ್‌ವೇರ್ ಜನ ಅದಕ್ಕೆ "ಆರ್ ಟು ಐ" ಅಂತ ಹೆಸರಿಟ್ಟು, ಎಕ್ಸೆಲ್ ಶೀಟಿನಲ್ಲಿ ಲಾಭ-ನಷ್ಟದ ಕಾಲಮ್ಮು ಮಾಡಿ, ಮೂರು ವರ್ಷ ಯೋಚನೆ ಮಾಡ್ತೀವಿ. ನಾನೂ ಮಾಡಿದೆ. ಆರು ವರ್ಷ ಅಮೆರಿಕದಲ್ಲಿ ಓದಿ, ಕೆಲಸ ಮಾಡಿ ಬೆಂಗಳೂರಿಗೆ ವಾಪಸ್ ಬಂದಾಯ್ತು.

ಬಂದಾಗಿನಿಂದ ಸಿಕ್ಕವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಹೇಗಿದೆಯಪ್ಪಾ, ಒಗ್ಗಿತಾ?" ಈ "ಒಗ್ಗೋದು" ಅನ್ನೋ ಪದದ ಮೇಲೆ ನನಗೆ ಮೊದಲಿನಿಂದಲೂ ಒಂದು ಅನುಮಾನ ಇದೆ. ಯಾಕಂದ್ರೆ ನಮ್ಮ ಮನೆಯಲ್ಲಿ ಅದೊಂದು ತೀರ್ಪು. ನಮ್ಮ ದೊಡ್ಡಪ್ಪ 1979ರಲ್ಲಿ ಅಮೆರಿಕ ಬಿಟ್ಟು ಬೆಂಗಳೂರಿಗೆ ಬಂದವರು, 1983ರಲ್ಲಿ ಮತ್ತೆ ಹೋಗಿಬಿಟ್ಟರು. "ಅವನಿಗೆ ಇಲ್ಲಿ ಒಗ್ಗಲಿಲ್ಲ" ಅಂತ ಮನೆಯವರೆಲ್ಲ ಷರಾ ಬರೆದು ಫೈಲ್ ಮುಚ್ಚಿದರು. ನಲವತ್ತು ವರ್ಷ ಆದರೂ ಯಾರೂ ಅದನ್ನು ತೆರೆದಿಲ್ಲ. ಅಮೆರಿಕದ ಸುಖ ಬಿಡೋಕಾಗಲಿಲ್ಲ, ಜಂಬ ಬಂತು, ಹೀಗೆಲ್ಲ ಅದಕ್ಕೆ ಉಪಕಥೆಗಳು. ನಾನು ವಾಪಸ್ ಬಂದಮೇಲೆ ಆ ಕಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದೋಕೆ ಶುರು ಮಾಡಿದೆ. ಹೊರಗಿನಿಂದ ಬಂದವನ ದಿನನಿತ್ಯದ ಬದುಕು ಹೇಗಿರುತ್ತೆ ಅನ್ನೋದು ಅವನ ಮನಸ್ಸಿಗಿಂತ, ಅವನು ತಂದ ಪೆಟ್ಟಿಗೆಯಲ್ಲಿ ಏನಿತ್ತು, ಬಂದಮೇಲೆ ಯಾವ ಯಾವ ಕ್ಯೂನಲ್ಲಿ ನಿಂತ ಅನ್ನೋದರ ಮೇಲೆ ನಿಂತಿದೆ ಅಂತ ನನಗೀಗ ಖಾತ್ರಿಯಾಗಿದೆ.

ಹಿಂದಿನಿಂದ ಶುರು ಮಾಡೋಣ. ನಮ್ಮಲ್ಲಿ ಅತ್ಯಂತ ಪ್ರಸಿದ್ಧ ಫಾರಿನ್ ರಿಟರ್ನ್ಡ್ ಅಂದ್ರೆ ಗಾಂಧೀಜಿ. ಅವರು ದಕ್ಷಿಣ ಆಫ್ರಿಕಾದ ಕೆಲಸ ಮುಗಿಸಿ ಮುಂಬಯಿಗೆ ಬಂದಿಳಿದ 1915ರ ಜನವರಿ 9ರ ನೆನಪಿಗೇ ಸರ್ಕಾರ 2003ರಿಂದ ಪ್ರವಾಸಿ ಭಾರತೀಯ ದಿವಸ ಆಚರಿಸುತ್ತೆ. ಆದರೆ ನನಗೆ ಇಷ್ಟ ಆಗೋದು ಅದಕ್ಕೂ ಮುಂಚಿನ ವಾಪಸಾತಿ. 1891ರಲ್ಲಿ ಬ್ಯಾರಿಸ್ಟರಾಗಿ ಲಂಡನ್ನಿನಿಂದ ಬಂದರಲ್ಲ, ಅದು. ಹಡಗು ಹತ್ತೋ ಮುಂಚೆಯೇ ಜಾತಿಯವರು ಅವರನ್ನು ಬಹಿಷ್ಕಾರ ಹಾಕಿದ್ದರು. ಮುಂಬಯಿಗೆ ಬಂದಿಳಿದಾಗ ತಾಯಿ ತೀರಿಕೊಂಡಿದ್ದ ಸುದ್ದಿ ಕಾದಿತ್ತು. ಆಮೇಲೆ ಅಣ್ಣ ನೇರವಾಗಿ ಊರಿಗೂ ಕರೆದುಕೊಂಡು ಹೋಗಲಿಲ್ಲ. ಮೊದಲು ನಾಸಿಕಕ್ಕೆ ಹೋಗಿ ನದಿಯಲ್ಲಿ ಮುಳುಗಿಸಿ, ರಾಜಕೋಟೆಗೆ ಹೋದಮೇಲೆ ಜಾತಿಯವರಿಗೆ ಊಟ ಹಾಕಿಸಿದರು. ಇದು ಆ ಕಾಲದ ಕಸ್ಟಮ್ಸ್ ಕ್ಲಿಯರೆನ್ಸ್ :-)

ಊಟ ಹಾಕಿದರೂ ಒಂದು ಗುಂಪು ಒಪ್ಪಲಿಲ್ಲ. ಅಕ್ಕ-ಭಾವನ ಮನೆಯಲ್ಲಿ, ಮಾವನ ಮನೆಯಲ್ಲಿ ನೀರು ಕುಡಿಯೋ ಹಾಗಿರಲಿಲ್ಲ. ಇತ್ತ ಅಣ್ಣನಿಗೆ ತಮ್ಮ ವಿಲಾಯತಿ ಬ್ಯಾರಿಸ್ಟರು ಅನ್ನೋ ಹೆಮ್ಮೆ, ಮನೆಗೆ ಪಿಂಗಾಣಿ ಸಾಮಾನು ಬಂತು. ಅದಕ್ಕೆ ಗಾಂಧಿ ಸೇರಿಸಿದ್ದು ಓಟ್ಸ್ ಗಂಜಿ ಮತ್ತು ಕೋಕೋ. ಚಹಾ-ಕಾಫಿಯ ಬದಲು ಕೋಕೋ ಅಂತ ಉದ್ದೇಶ, ಆದದ್ದು ಚಹಾ-ಕಾಫಿಯ ಜೊತೆಗೆ ಕೋಕೋ. ಖರ್ಚು ಏರಿತು, ವಕೀಲಿ ನಡೆಯಲಿಲ್ಲ. ಆತ್ಮಕಥೆಯಲ್ಲಿ ಇದನ್ನೆಲ್ಲ ಅವರೇ ಬರೆದಿದ್ದಾರೆ. ಎರಡು ವರ್ಷದೊಳಗೆ, 1893ರಲ್ಲಿ, ಕೆಲಸ ಹುಡುಕಿಕೊಂಡು ದಕ್ಷಿಣ ಆಫ್ರಿಕಾಕ್ಕೆ ಹೊರಟರು. ನಮ್ಮ ಮನೆಯವರ ಭಾಷೆಯಲ್ಲಿ ಹೇಳೋದಾದರೆ ಒಗ್ಗಲಿಲ್ಲ!

ಎರಡನೇ ಸಲ, 1915ರಲ್ಲಿ, ಬಂದವರು ಬೇರೆಯೇ ಮನುಷ್ಯ. ಒಂದು ವರ್ಷ ದೇಶ ಸುತ್ತು, ರಾಜಕೀಯ ಮಾತಾಡಬೇಡ ಅಂದರು ಗೋಖಲೆ. ಗಾಂಧಿ ಮೂರನೇ ಕ್ಲಾಸಿನ ರೈಲಿನಲ್ಲಿ ಸುತ್ತಿದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿಗೂ ಬಂದು, ಅಷ್ಟರಲ್ಲಿ ತೀರಿಕೊಂಡಿದ್ದ ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದರು. ಗಮನಿಸಬೇಕಾದ್ದು ಏನಂದ್ರೆ, ಈ ಸಲ ಅವರ ಪೆಟ್ಟಿಗೆಯಲ್ಲಿ ಕೋಕೋ ಇರಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಪ್ರಾಯಶ್ಚಿತ್ತದ ಕಾಟ ಹೆಚ್ಚುಕಡಿಮೆ ತಪ್ಪಿತು, ಕೆಲಸದ ಕಾಟ ಶುರುವಾಯಿತು. ಹರಗೋಬಿಂದ್ ಖುರಾನಾ ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಮಾಡಿ, ಸ್ವಿಟ್ಜರ್ಲೆಂಡಿನಲ್ಲಿ ಸಂಶೋಧನೆ ಮಾಡಿ 1949ರಲ್ಲಿ ಭಾರತಕ್ಕೆ ಬಂದರು. ತಕ್ಕ ಕೆಲಸ ಸಿಗಲಿಲ್ಲ, ಕೆಲವೇ ತಿಂಗಳಲ್ಲಿ ಇಂಗ್ಲೆಂಡಿಗೆ ವಾಪಸ್. 1968ರಲ್ಲಿ ಅವರಿಗೆ ನೊಬೆಲ್ ಬಂದಾಗ ನಾವೆಲ್ಲ "ನಮ್ಮವರು" ಅಂದುಕೊಂಡೆವು. ಇಂಥವರು ಇನ್ನೂ ಇದ್ದಾರೆ ಅಂತ ಸರ್ಕಾರಕ್ಕೂ ಗೊತ್ತಿತ್ತು. 1958ರಲ್ಲಿ ಸಿ.ಎಸ್.ಐ.ಆರ್. ಮೂಲಕ "ಸೈಂಟಿಸ್ಟ್ಸ್ ಪೂಲ್" ಅಂತ ಒಂದು ಯೋಜನೆ ಮಾಡಿದರು. ಹೊರಗಿನಿಂದ ಬಂದ ವಿಜ್ಞಾನಿಗೆ ಕಾಯಂ ಕೆಲಸ ಸಿಗೋವರೆಗೆ ತಾತ್ಕಾಲಿಕವಾಗಿ ಒಂದು ಕುರ್ಚಿ, ಒಂದು ಸಂಬಳ. ಕಾಯೋರಿಗೊಂದು ಕೋಣೆ ಕಟ್ಟಿಕೊಟ್ಟ ಹಾಗೆ. ಒಳ್ಳೇದೇ, ಆದರೆ ಕಾಯೋದು ತಪ್ಪಲಿಲ್ಲ.

ಬೆಂಗಳೂರಿನ ಮಟ್ಟಿಗೆ ಬೇರೆ ಥರದ ಉದಾಹರಣೆಗಳೂ ಇವೆ ಅನ್ನಿ. ಸತೀಶ್ ಧವನ್ ಕ್ಯಾಲ್ಟೆಕ್‌ನಿಂದ 1951ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ (ನಮ್ಮ ಐ.ಐ.ಎಸ್‌ಸಿ.) ಬಂದರು, ಅಲ್ಲೇ ಅವರ ಕೈಕೆಳಗೆ ಓದಿದ ರೊದ್ದಂ ನರಸಿಂಹ ತಾವೂ ಕ್ಯಾಲ್ಟೆಕ್‌ಗೆ ಹೋಗಿ 1962ರಲ್ಲಿ ವಾಪಸ್ ಬಂದರು. ಇಬ್ಬರೂ ಇಲ್ಲೇ ಉಳಿದರು. ಅವರಿಗೆ ಬಂದು ಸೇರೋಕೆ ಒಂದು ಜಾಗ ಇತ್ತು, ಇಲ್ಲದ ಉಪಕರಣವನ್ನು ತಾವೇ ಕಟ್ಟಿಕೊಳ್ಳೋ ಸ್ವಾತಂತ್ರ್ಯ ಇತ್ತು. ಧವನ್ ಇಲ್ಲಿ ಸೂಪರ್‌ಸಾನಿಕ್ ವಿಂಡ್ ಟನೆಲ್ಲನ್ನೇ ಕಟ್ಟಿಸಿದರು. ಆದರೆ ಎಲ್ಲರೂ ಧವನ್ ಅಲ್ಲವಲ್ಲ. ಸಾಧಾರಣ ಎಂಜಿನಿಯರಿಗೆ ಬೇಕಾದ್ದು ವಿಂಡ್ ಟನೆಲ್ ಅಲ್ಲ, ಗ್ಯಾಸ್ ಸಿಲಿಂಡರ್.

ಈಗ ದುಡ್ಡಿನ ವಿಷಯ. ಇದು ಸ್ವಲ್ಪ ಬೋರ್ ಹೊಡೆಸಬಹುದು, ಆದರೆ ಇದಿಲ್ಲದೆ ಮುಂದಿನದು ಅರ್ಥವಾಗಲ್ಲ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ ಏಷ್ಯಾದವರಿಗೆ ಬಾಗಿಲು ತೆರೆಯಿತು. 1966ರ ಜೂನಿನಲ್ಲಿ ನಮ್ಮ ರೂಪಾಯಿ ಬೆಲೆ ಇಳಿಸಿದರು, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಆ ಕಾಲದಲ್ಲಿ ಹೋದವರೆಲ್ಲ ಹೇಳೋ ಕಥೆ ಒಂದೇ: "ನಾನು ಎಂಟು ಡಾಲರ್ ಇಟ್ಕೊಂಡು ಹೋದೆ". ಇದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ, ಅಲ್ಲ. ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿ ಸರ್ಕಾರ ಕೈಗೆ ಕೊಡ್ತಿದ್ದದ್ದೇ ಅಷ್ಟು. ಆಮೇಲೆ ಬಂತು ಫೆರಾ, ಅಂದ್ರೆ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ. 1973ರಲ್ಲಿ ಪಾಸಾಗಿ 1974ರ ಜನವರಿ 1ರಿಂದ ಜಾರಿ. ಅದರ ಪ್ರಕಾರ ಇಲ್ಲಿ ವಾಸಿಸೋನ ಹತ್ತಿರ ಅನುಮತಿಯಿಲ್ಲದ ಡಾಲರ್ ಇರೋದು ಕ್ರಿಮಿನಲ್ ಅಪರಾಧ, ಜೈಲಿಗೂ ಹೋಗಬಹುದು. ಹೊರಗೆ ಹತ್ತು ವರ್ಷ ದುಡಿದವನು ತನ್ನ ಉಳಿತಾಯವನ್ನು ತಂದು ರೂಪಾಯಿ ಮಾಡಿಕೊಂಡರೆ, ನಾಳೆ ಇಲ್ಲಿ ಆಗಲಿಲ್ಲ ಅಂದಾಗ ಅದನ್ನು ಮತ್ತೆ ಡಾಲರ್ ಮಾಡಿಕೊಳ್ಳೋಕೆ ರಿಸರ್ವ್ ಬ್ಯಾಂಕಿನ ಅಪ್ಪಣೆ ಬೇಕು. ಹೋಗುವಾಗ ಎಂಟು ಡಾಲರ್, ಬಂದಮೇಲೆ ವಾಪಸ್ ಹೋಗೋ ದಾರಿಗೆ ಗೇಟು. ಅಂಥಾದ್ದರಲ್ಲಿ ಬರೋದೇ ಒಂದು ಧೈರ್ಯ.

ಹೀಗಾಗಿ ದುಡ್ಡು ತರೋಕಿಂತ ಸಾಮಾನು ತರೋದು ಜಾಣತನ ಅಂತ ಜನ ಲೆಕ್ಕ ಹಾಕಿದರು. ಎರಡು ವರ್ಷ ಹೊರಗಿದ್ದು ಕಾಯಂ ಆಗಿ ಬರೋರಿಗೆ "ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್" ಅನ್ನೋ ರಿಯಾಯಿತಿ ಇತ್ತು, ಬಳಸಿದ ಮನೆಸಾಮಾನು ತರಬಹುದು. ಅದರಾಚೆ ತಂದರೆ ಸುಂಕವೇ ಸಾಮಾನಿನ ಬೆಲೆಗಿಂತ ಹೆಚ್ಚಾಗೋದೂ ಇತ್ತು.

ದೊಡ್ಡಪ್ಪನ ಪೆಟ್ಟಿಗೆಗೆ ಬರ್ತೀನಿ. ಹಡಗಿನಲ್ಲಿ ಮದ್ರಾಸಿಗೆ ಬಂದ ಮರದ ಪೆಟ್ಟಿಗೆ ಅದು, ಅದರ ಹಲಗೆಗಳು ಜಯನಗರದ ತಾತನ ಮನೆ ಅಟ್ಟದಲ್ಲಿ ಈಗಲೂ ಇವೆ. ಒಳಗಿದ್ದದ್ದು: ಒಂದು ಕಲರ್ ಟಿ.ವಿ., ಬ್ಲೆಂಡರ್, ಟೋಸ್ಟರ್, ಅಂಕಿಗಳ ಎಲೆ ಮಗುಚೋ ಥರದ ಅಲಾರಂ ಗಡಿಯಾರ, ಮತ್ತು ಇವೆಲ್ಲಕ್ಕಿಂತ ಭಾರದ ಒಂದು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್. ಅಮೆರಿಕದ ಮನೆಯಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತೆ, ಹರ್ಟ್ಸನ್ನು ಮುಟ್ಟೋದಿಲ್ಲ. ಆ ಗಡಿಯಾರದ ಮೋಟಾರು ಕರೆಂಟಿನ ಹರ್ಟ್ಸನ್ನೇ ಎಣಿಸಿಕೊಂಡು ಓಡೋದು. ಹಾಗಾಗಿ ಇಲ್ಲಿ ಒಂದು ಗಂಟೆ ಕಳೆದರೆ ಅದರಲ್ಲಿ 50 ನಿಮಿಷ ಆಗಿರ್ತಿತ್ತು. ದಿನಕ್ಕೆ ನಾಲ್ಕು ಗಂಟೆ ಹಿಂದೆ. "ಪಾಪ, ಅದಕ್ಕೆ ಇನ್ನೂ ಅಮೆರಿಕದ ನೆನಪು" ಅಂತ ಅಜ್ಜಿ ಅದಕ್ಕೊಂದು ಬಟ್ಟೆ ಹೊದಿಸಿ ಇಟ್ಟರಂತೆ.

ಟಿ.ವಿ. ಕಥೆ ಇನ್ನೂ ಚೆನ್ನಾಗಿದೆ. 1979ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನವೇ ಇರಲಿಲ್ಲ! ಎಂಬತ್ತರ ದಶಕದ ಶುರುವಿನಲ್ಲಿ ಬಂತು, 1982ರ ಆಗಸ್ಟ್ 15ರಿಂದ ದೇಶದಲ್ಲಿ ಕಲರ್ ಪ್ರಸಾರ ಶುರುವಾಯಿತು. ಆದರೆ ಅಮೆರಿಕದ್ದು ಎನ್.ಟಿ.ಎಸ್.ಸಿ., 525 ಗೆರೆಗಳ ಚಿತ್ರ. ನಮ್ಮದು ಪಾಲ್, 625 ಗೆರೆ. ಹಿಂದಿನ ತಿರುಗುಣಿ ತಿರುಗಿಸಿ ತಿರುಗಿಸಿ ಚಿತ್ರವನ್ನು ಹೇಗೋ ನಿಲ್ಲಿಸಿದರೂ ಬಣ್ಣ ಇಲ್ಲ, ಧ್ವನಿಯೂ ಇಲ್ಲ, ಯಾಕಂದ್ರೆ ಧ್ವನಿಯನ್ನು ಕಳಿಸೋ ಅಂತರ ಅಲ್ಲಿ 4.5 ಮೆಗಾಹರ್ಟ್ಸ್, ಇಲ್ಲಿ 5.5. ಓಣಿಯಲ್ಲೇ ಮೊದಲ ಕಲರ್ ಟಿ.ವಿ. ಇದ್ದ ಮನೆಯಲ್ಲಿ ಜನ ಕಪ್ಪು-ಬಿಳುಪು ಮೂಕಿಚಿತ್ರ ನೋಡಿದರು.

ಬ್ಲೆಂಡರ್ ಒಂದೇ ವಾರ. ಮಿಲ್ಕ್‌ಶೇಕಿಗೆ ಮಾಡಿದ ಮೋಟಾರಿಗೆ ಕಾಯಿಚಟ್ನಿ ಹಾಕಿದರೆ ಏನಾಗಬೇಕೋ ಅದೇ ಆಯಿತು. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಮುಂಬಯಿಯಲ್ಲಿ ಸತ್ಯಪ್ರಕಾಶ ಮಾಥುರ್ ಅನ್ನೋ ಎಂಜಿನಿಯರಿನ ಮನೆಯಲ್ಲಿ ಇದ್ದ ಜರ್ಮನಿಯ ಬ್ರೌನ್ ಬ್ಲೆಂಡರ್ ಹೀಗೇ ಸುಟ್ಟುಹೋಗಿ, ರಿಪೇರಿ ಮಾಡೋರು ಸಿಗದೆ, ಅವರೇ ನಮ್ಮ ಮಸಾಲೆಗೆ ತಡೆಯೋ ಮೋಟಾರಿನ ಯಂತ್ರ ಮಾಡಿದರು. ಅದೇ ಸುಮೀತ್ ಮಿಕ್ಸಿ. ದಕ್ಷಿಣ ಭಾರತದ ಅರ್ಧ ರುಬ್ಬೋಕಲ್ಲುಗಳು ಹಿತ್ತಿಲು ಸೇರಿದ್ದು ಒಂದು ಫಾರಿನ್ ಸಾಮಾನು ಕೆಟ್ಟುಹೋದದ್ದರಿಂದ ಅಂತ ಹೇಳಿದರೆ ತೀರಾ ಸುಳ್ಳಾಗಲಾರದು.

ಸಾಮಾನಿನ ಕಥೆ ನಗು ತರಿಸುತ್ತೆ, ಕ್ಯೂನ ಕಥೆ ತರಿಸೋದಿಲ್ಲ. ದೊಡ್ಡಮ್ಮ ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದವರು. ಗ್ಯಾಸಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು, ಅಲ್ಲಿಯವರೆಗೆ ಸೀಮೆಎಣ್ಣೆ ಸ್ಟವ್ವು, ಸೀಮೆಎಣ್ಣೆಗೆ ರೇಷನ್ ಕಾರ್ಡು, ರೇಷನ್ ಕಾರ್ಡಿಗೆ ಇನ್ನೊಂದು ಕ್ಯೂ. ಬೇಗ ಬೇಕು ಅಂದ್ರೆ ಎಂ.ಪಿ. ಪತ್ರ ಬೇಕು; ಆಗ ಎಂ.ಪಿ.ಗಳಿಗೆ ಗ್ಯಾಸ್ ಮತ್ತು ಫೋನ್ ಕನೆಕ್ಷನ್ ಹಂಚೋ ಕೋಟಾನೇ ಇತ್ತು. ಸ್ಕೂಟರ್ ಅಂದ್ರೆ ಬಜಾಜ್ ಚೇತಕ್, 1972ರಲ್ಲಿ ಬಂದದ್ದು, ಬುಕ್ ಮಾಡಿ ಹತ್ತು ವರ್ಷ ಕಾದವರಿದ್ದಾರೆ. ಮಗು ಹುಟ್ಟಿದಾಗ ಬುಕ್ ಮಾಡಿದರೆ ಮಗುವನ್ನು ಹೈಸ್ಕೂಲಿಗೆ ಬಿಡೋಕೆ ಸಿಗುತ್ತೆ ಅನ್ನೋದು ಆ ಕಾಲದ ಜೋಕು. ಕಾರಿನ ಮಾತು ಬೇಡ, ಮಾರುತಿ 800 ಬಂದದ್ದೇ 1983ರ ಡಿಸೆಂಬರಿನಲ್ಲಿ, ದೊಡ್ಡಪ್ಪ ಹೋದಮೇಲೆ.

ಎಲ್ಲಕ್ಕಿಂತ ದೊಡ್ಡದು ಫೋನು. 1981ರಲ್ಲಿ 68 ಕೋಟಿ ಜನ ಇದ್ದ ದೇಶದಲ್ಲಿ ಟೆಲಿಫೋನ್ ಲೈನುಗಳು 20 ಲಕ್ಷ ಚಿಲ್ಲರೆ. ಅರ್ಜಿ ಹಾಕಿ, ಡಿಪಾಸಿಟ್ ಕಟ್ಟಿ, ಸೀನಿಯಾರಿಟಿ ನಂಬರ್ ಇಟ್ಟುಕೊಂಡು ಕೂರೋದು. ಬೇರೆ ಊರಿಗೆ ಮಾತಾಡೋಕೆ ಪೋಸ್ಟ್ ಆಫೀಸಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಥರ, ಲೈಟ್ನಿಂಗಿಗೆ ಹಲವು ಪಟ್ಟು ದುಡ್ಡು. ದೊಡ್ಡಪ್ಪ ಸೇರಿದ್ದ ಕಾರ್ಖಾನೆಗೆ ಹೊರದೇಶದ ಕಂಪನಿಗಳ ಜೊತೆ ವ್ಯವಹಾರ ಇತ್ತು, ಅವರು ಮಾಡಬೇಕಾದ ಕೆಲಸದ ಅರ್ಧ ಫೋನಿನ ಕೆಲಸ. ಒಂದು ಬಿಡಿಭಾಗಕ್ಕೆ ಆಮದು ಲೈಸೆನ್ಸ್ ಬರೋಕೆ ಒಂದೂವರೆ ವರ್ಷ ಆಯಿತು ಅಂತ ಅಪ್ಪ ಹೇಳ್ತಾರೆ. ಇದು ಅತಿಶಯ ಅಲ್ಲ. ಇನ್ಫೋಸಿಸ್ ಶುರುವಾದ ಕಾಲದಲ್ಲಿ ಒಂದು ಫೋನ್ ಲೈನಿಗೆ, ಒಂದು ಕಂಪ್ಯೂಟರ್ ಆಮದಿಗೆ ಎಷ್ಟು ಕಾಲ ಕಾದೆವು, ದೆಹಲಿಗೆ ಎಷ್ಟು ಸಲ ಓಡಾಡಿದೆವು ಅಂತ ನಾರಾಯಣ ಮೂರ್ತಿಯವರೂ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ದೊಡ್ಡಪ್ಪ 1979ರಲ್ಲಿ ಹಾಕಿದ ಫೋನ್ ಅರ್ಜಿಯ ರಸೀದಿ ಅಪ್ಪನ ಫೈಲಿನಲ್ಲಿದೆ. ಫೋನ್ ಮಂಜೂರಾದ ಪತ್ರವೂ ಇದೆ, ಅದರ ಮೇಲಿನ ವರ್ಷ 1986. ಅವರು ಹೋಗಿ ಮೂರು ವರ್ಷ ಆಗಿತ್ತು. 1988ರಲ್ಲಿ ಅಜ್ಜಿ ತೀರಿಕೊಂಡಾಗ ಅದೇ ಫೋನಿನಿಂದ ಅಮೆರಿಕಕ್ಕೆ ಕಾಲ್ ಬುಕ್ ಮಾಡಿದರು. ಲೈನ್ ಸಿಗೋ ಹೊತ್ತಿಗೆ ಸಂಸ್ಕಾರ ಮುಗಿದಿತ್ತು. ಅವರು ಹನ್ನೊಂದನೇ ದಿನಕ್ಕೆ ಬಂದರು. "ತಾಯಿ ಮುಖ ನೋಡೋಕೂ ಬರಲಿಲ್ಲ" ಅನ್ನೋ ಮಾತು ಷರಾದ ಕೆಳಗೆ ಇನ್ನೊಂದು ಸಾಲಾಗಿ ಸೇರಿಕೊಂಡಿತು. ಆ ರಸೀದಿ ಮತ್ತು ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನಗೆ ಆ ಮಾತು ಕೇಳೋಕಾಗಲ್ಲ.

ಫೋನಿನ ಗತಿಯನ್ನು ಬದಲಿಸಿದವರಲ್ಲಿ ಒಬ್ಬರು ಕೂಡ ಫಾರಿನ್ ರಿಟರ್ನ್ಡೇ. ಷಿಕಾಗೋದಿಂದ ಬಂದ ಸ್ಯಾಮ್ ಪಿತ್ರೋಡಾ 1984ರಲ್ಲಿ ಸಿ-ಡಾಟ್ ಕಟ್ಟಿದರು. ನಮ್ಮ ಧೂಳು, ಸೆಕೆ, ಕರೆಂಟು ಹೋಗೋದು ಎಲ್ಲಕ್ಕೂ ತಡೆಯೋ, ಎ.ಸಿ. ಬೇಡದ ಸಣ್ಣ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಅದು ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರಲ್ಲಿ. ಆಮೇಲೆ ಬೀದಿ ಬೀದಿಗೆ ಹಳದಿ ಬೋರ್ಡಿನ ಎಸ್.ಟಿ.ಡಿ. ಬೂತು ಬಂತು. ಸುಮೀತ್ ಮಿಕ್ಸಿಯ ಹಾಗೇ ಇದೂ, ಹೊರಗಿನದನ್ನು ಹಾಗೇ ತಂದಿಟ್ಟರೆ ಇಲ್ಲಿ ನಡೆಯಲ್ಲ ಅಂತ ಗೊತ್ತಾದವರ ಕೆಲಸ.

ಇಷ್ಟೂ ಅಮೆರಿಕದ ಕಥೆ ಆಯಿತು. ನಮ್ಮ ಕರಾವಳಿಯ ಕಥೆ ಬೇರೆ. ಎಪ್ಪತ್ತರ ದಶಕದಲ್ಲಿ ಎಣ್ಣೆ ಬೆಲೆ ಏರಿದಮೇಲೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಗಲ್ಫಿಗೆ ಹೋದವರಿಗೆ ಪೌರತ್ವ, ಗ್ರೀನ್ ಕಾರ್ಡ್ ಯಾವುದೂ ಇಲ್ಲ. ವಾಪಸ್ ಬರಲೇಬೇಕು. ಒಗ್ಗುತ್ತೋ ಇಲ್ಲವೋ ಅಂತ ಯಾರೂ ಕೇಳಲ್ಲ. ಅವರ ಪೆಟ್ಟಿಗೆಯೂ ಬೇರೆ: ಟೂ-ಇನ್-ವನ್ ಕ್ಯಾಸೆಟ್ ರೆಕಾರ್ಡರ್, ಸೀರೆ, ಸೆಂಟು, ಟ್ಯಾಂಗ್ ಪುಡಿ, ಕೋಡಲಿ ಮಾರ್ಕಿನ ಎಣ್ಣೆ, ಓಣಿಯ ಮಕ್ಕಳಿಗೆಲ್ಲ ಚಾಕಲೇಟು. ಗಲ್ಫಿನಲ್ಲಿ ಕರೆಂಟು, ಟಿ.ವಿ. ಪದ್ಧತಿ ಹೆಚ್ಚುಕಡಿಮೆ ನಮ್ಮ ಥರವೇ ಆದ್ದರಿಂದ ಟ್ರಾನ್ಸ್‌ಫಾರ್ಮರ್ ರಗಳೆ ಇಲ್ಲ! ಆದರೆ 2006ರವರೆಗೆ ಮಂಗಳೂರಿಗೆ ನೇರ ವಿಮಾನ ಇರಲಿಲ್ಲ. ಬೊಂಬಾಯಿಯಲ್ಲಿ ಇಳಿದು, ಕಸ್ಟಮ್ಸಿನವರ ಮುಂದೆ ಹಗ್ಗ ಬಿಚ್ಚಿ, ಮತ್ತೆ ಹಗ್ಗ ಕಟ್ಟಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಬರಬೇಕು. ಹೀಗೆ ಬಂದ ಸಾಮಾನಿನ ಒಂದು ಪಾಲು ಅಂಗಡಿಗಳಿಗೂ ಹೋಗ್ತಿತ್ತು. ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗಳು ಹೆಸರುವಾಸಿ. ಚೆನ್ನೈಯ ಬರ್ಮಾ ಬಜಾರಿನ ಹೆಸರಿನ ಹಿಂದೆಯೂ ಇಂಥದೇ ಕಥೆ ಇದೆ. ಬರ್ಮಾದಲ್ಲಿ ಅರವತ್ತರ ದಶಕದಲ್ಲಿ ವ್ಯಾಪಾರವನ್ನೆಲ್ಲ ರಾಷ್ಟ್ರೀಕರಣ ಮಾಡಿದಾಗ ಬರಿಗೈಲಿ ಬಂದವರು ಹಾಕಿಕೊಂಡ ಅಂಗಡಿಗಳು ಅವು.

ಬರಿಗೈ ಅಂದಾಗ ಕುವೈತ್ ಹೇಳಲೇಬೇಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಅಲ್ಲಿದ್ದ ಭಾರತೀಯರಲ್ಲಿ ಸುಮಾರು 1.7 ಲಕ್ಷ ಜನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನಗಳಲ್ಲಿ ಎರಡು ತಿಂಗಳೊಳಗೆ ವಾಪಸ್ ಬಂದರು. ಕರಾವಳಿಯವರೂ ಅದರಲ್ಲಿದ್ದರು. ಬ್ಯಾಂಕಿನಲ್ಲಿದ್ದ ದಿನಾರು ರಾತ್ರೋರಾತ್ರಿ ಬರೀ ಕಾಗದ. ಹದಿನೈದು ವರ್ಷ ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ಹೊತ್ತು ತಂದವನು ಒಂದು ಕೈಚೀಲ ಹಿಡಿದು ಬಂದಾಗ ಊರು ಅವನನ್ನು ಹೇಗೆ ನೋಡಿತು ಅನ್ನೋದರ ಬಗ್ಗೆ ನಮ್ಮಲ್ಲಿ ಬರೆದದ್ದು ಕಡಿಮೆ. ಬಾಲಿವುಡ್ ವಿಮಾನದ ಬಗ್ಗೆ ಸಿನಿಮಾ ಮಾಡಿತು, ಇಳಿದಮೇಲಿನ ಬದುಕಿನ ಬಗ್ಗೆ ಅಲ್ಲ.

ಆ ಯುದ್ಧದ ಹೊಡೆತವೂ ಸೇರಿ 1991ರಲ್ಲಿ ದೇಶದ ಬೊಕ್ಕಸವೇ ಬರಿದಾಯಿತು. ಹೊರಗಿನ ಭಾರತೀಯರು ಇಲ್ಲಿಟ್ಟಿದ್ದ ಡಿಪಾಸಿಟ್‌ಗಳನ್ನು ಹೆದರಿ ಹಿಂತೆಗೆದುಕೊಂಡದ್ದೂ ಅದಕ್ಕೊಂದು ಕಾರಣ. 47 ಟನ್ ಚಿನ್ನ ವಿಮಾನ ಹತ್ತಿ ಲಂಡನ್ನಿಗೆ ಅಡವಿಗೆ ಹೋಯಿತು. ಮುಂದಿನದು ನಿಮಗೆ ಗೊತ್ತೇ ಇದೆ: ಜುಲೈ 24ರ ಬಜೆಟ್, ಲೈಸೆನ್ಸ್ ರಾಜ್ ಸಡಿಲ. 1992ರಲ್ಲಿ ಬರೋರಿಗೆ ಸುಂಕ ಕಟ್ಟಿ 5 ಕಿಲೋ ಚಿನ್ನ ತರೋ ಅವಕಾಶ ಕೊಟ್ಟರು, ವಾಪಸ್ ಬಂದವರು ತಮ್ಮ ಡಾಲರನ್ನು ಡಾಲರಾಗೇ ಇಟ್ಟುಕೊಳ್ಳೋ ಬ್ಯಾಂಕ್ ಖಾತೆಯೂ ಆಗಲೇ ಬಂದದ್ದು. 1995ರಲ್ಲಿ ಮೊಬೈಲ್. 2000ದ ಜೂನ್ 1ರಂದು ಫೆರಾ ಹೋಗಿ ಫೆಮಾ ಜಾರಿಗೆ ಬಂತು. ಡಾಲರ್ ತಪ್ಪುಗಳಿಗೆ ಜೈಲಿನ ಬದಲು ದಂಡ. 2001ರಲ್ಲಿ ಡಾಟ್‌ಕಾಂ ಗುಳ್ಳೆ ಒಡೆದಾಗ, 2008ರ ಆರ್ಥಿಕ ಕುಸಿತದಲ್ಲಿ ಬೆಂಗಳೂರಿಗೆ ಬಂದ ನಮ್ಮ ಸೀನಿಯರ್‌ಗಳು ದೊಡ್ಡಪ್ಪ ನಿಂತ ಒಂದು ಕ್ಯೂನಲ್ಲೂ ನಿಲ್ಲಲಿಲ್ಲ. ಅವರು ಇಲ್ಲೇ ಉಳಿದರು. ಅವರಿಗೆ ದೇಶಪ್ರೇಮ ಜಾಸ್ತಿ ಇತ್ತು ಅಂತ ನಾನಂತೂ ನಂಬಲ್ಲ. ಅವರಿಗೆ ಮಧ್ಯಾಹ್ನ ಕೇಳಿದರೆ ಸಂಜೆಗೆ ಫೋನ್ ಸಿಕ್ಕಿತು.

ನನ್ನ ಪೆಟ್ಟಿಗೆ? ಎರಡು ಸೂಟ್‌ಕೇಸು, ಹೆಚ್ಚಿನಂಶ ಬಟ್ಟೆ ಮತ್ತು ಪುಸ್ತಕ. "ಏನೂ ತರಬೇಡ, ಎಲ್ಲಾ ಇಲ್ಲೇ ಸಿಗುತ್ತೆ" ಅಂದಿದ್ದರು ಅಮ್ಮ. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ "100-240 ವೋಲ್ಟ್, 50/60 ಹರ್ಟ್ಸ್" ಅಂತ ಇರುತ್ತೆ. ಅಟ್ಟದಲ್ಲಿರೋ ಆ ಹನ್ನೆರಡು ಕಿಲೋ ಟ್ರಾನ್ಸ್‌ಫಾರ್ಮರ್ ಈಗ ಆ ಒಂದು ಸಾಲಿನೊಳಗೆ ಸೇರಿಹೋಗಿದೆ.

ಹಾಗಂತ ಕ್ಯೂ ಹೋಗಿದೆ ಅಂದುಕೋಬೇಡಿ, ಫೋನಿನೊಳಗೆ ಹೋಗಿದೆ ಅಷ್ಟೆ. ಎಳನೀರಿನವನಿಗೆ ಯು.ಪಿ.ಐ. ಮಾಡಬೇಕು, ಅದಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಓ.ಟಿ.ಪಿ. ಬೇಕು, ಓ.ಟಿ.ಪಿ. ಹೋಗೋದು ಹಳೇ ನಂಬರಿಗೆ. ಆ ನಂಬರನ್ನು ಈ ಆರು ವರ್ಷದಲ್ಲಿ ಮೊಬೈಲ್ ಕಂಪನಿಯವರು ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಹೊಸ ಸಿಮ್ ಹತ್ತು ನಿಮಿಷಕ್ಕೆ ಸಿಕ್ಕಿತು, ಅದನ್ನು ಖಾತೆಗೆ ಸೇರಿಸೋಕೆ ನಮ್ಮ ಬ್ರಾಂಚಿನವರು ಏಳು ವಾರ ತಗೊಂಡರು. ಎನ್.ಆರ್.ಇ. ಖಾತೆಯನ್ನು ರೆಸಿಡೆಂಟ್ ಖಾತೆ ಮಾಡಿಸೋ ಫಾರಂ ಬೇರೆ. ಏಳು ವಾರ ಎಲ್ಲಿ, ಏಳು ವರ್ಷ ಎಲ್ಲಿ. ಗೊಣಗೋಕೂ ನಾಚಿಕೆ ಆಗುತ್ತೆ. ಈ ನಡುವೆ ಇನ್ಕಮ್ ಟ್ಯಾಕ್ಸಿನವರ ಒಂದು ಹಳೇ ವರ್ಗೀಕರಣ ಕಣ್ಣಿಗೆ ಬಿತ್ತು: "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ". ಬಹಳ ವರ್ಷ ಹೊರಗಿದ್ದು ಬಂದವರನ್ನು ಸ್ವಲ್ಪ ಕಾಲ ಹೀಗೆ ಲೆಕ್ಕ ಹಿಡೀತಾರೆ. ಯಾವ ಕವಿಯೂ ಇಷ್ಟು ಸರಿಯಾಗಿ ಹೇಳಿಲ್ಲ ಬಿಡಿ.

ಪೆಟ್ಟಿಗೆಯಲ್ಲಿ ಹಿಡಿಸದೇ ಇರೋ ಸಾಮಾನುಗಳು ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮುಖ್ಯವಾಗಿ ಫುಟ್‌ಪಾತು. ಅಪ್ಪನಿಗೆ ಮೊಣಕಾಲು ನೋವು, ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. ಮನೆಯಿಂದ ಪಾರ್ಕಿಗೆ ನಾನೂರು ಮೀಟರು, ಅಷ್ಟರಲ್ಲಿ ಹದಿನಾಲ್ಕು ಸಲ ಕಲ್ಲಿನ ಮೇಲೆ ಹತ್ತಿ ಇಳಿಯಬೇಕು (ಎಣಿಸಿದ್ದೀನಿ). ದಿನಾ ಸಂಜೆ ಅವರ ಕೈ ಹಿಡಿದುಕೊಂಡು ಹೋಗಿ ಬರ್ತೀನಿ. ವಾಪಸ್ ಬಂದದ್ದಕ್ಕೆ ಎಕ್ಸೆಲ್ ಶೀಟಿನಲ್ಲಿ ಬರೆಯದ ಕಾರಣವೂ ಅದೇ.

ಡಿಸೆಂಬರಿನಲ್ಲಿ ದೊಡ್ಡಪ್ಪ-ದೊಡ್ಡಮ್ಮ ಬರ್ತಿದ್ದಾರೆ. ಹೋದ ವಾರ ವಿಡಿಯೋ ಕಾಲಿನಲ್ಲಿ "ನಿನಗೆ ಇಲ್ಲಿಂದ ಏನು ತರಲಿ?" ಅಂತ ದೊಡ್ಡಮ್ಮ ಕೇಳಲೇ ಇಲ್ಲ. ತಾವು ಹೋಗುವಾಗ ಒಯ್ಯಬೇಕಾದ್ದರ ಪಟ್ಟಿ ಓದಿದರು: ಸಾರಿನಪುಡಿ, ಹುರಿಹಿಟ್ಟು, ಕುಕ್ಕರಿನ ಗ್ಯಾಸ್ಕೆಟ್ಟು ನಾಲ್ಕು, ಕಾಫಿ ಫಿಲ್ಟರು, ಒಂದು ಮಿಕ್ಸಿ. ಮಿಕ್ಸಿ ಮಾತ್ರ 110 ವೋಲ್ಟಿನದೇ ಆಗಬೇಕಂತೆ. ಗಾಂಧಿಬಜಾರಿನಲ್ಲಿ ವಿಚಾರಿಸಿದೆ, ಎಕ್ಸ್‌ಪೋರ್ಟ್ ಮಾಡೆಲ್ ಇದೆ ಸಾರ್, ಎಷ್ಟು ಬೇಕು ಅಂದ ಅಂಗಡಿಯವನು.